ಓಡುತ್ತಿದ್ದವರು ನಿಂತಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಜನವರಿ ಹತ್ತಿರ ಬಂದಂತೆ ಮುಂಬೈಯಲ್ಲಿ ಬೆಳಗ್ಗೆ ಓಡುವವರು ಜಾಸ್ತಿಯಾಗುತ್ತಾರೆ. ಮರೀನ್ ಡ್ರೈವ್, ಶಿವಾಜಿ ಪಾರ್ಕ್, ಮಾಟುಂಗದ ಫೈವ್ ಗಾರ್ಡನ್ಸ್, ಎಲ್ಲಿ ನೋಡಿದರೂ ಬೂಟು ಕಟ್ಟಿಕೊಂಡವರು. 2004ರಲ್ಲಿ ಶುರುವಾದ ಮುಂಬೈ ಮ್ಯಾರಥಾನ್ ಈ ಊರಿಗೆ ಹಿಡಿಸಿದ ಅಭ್ಯಾಸ ಇದು. ನಮ್ಮ ಕನ್ನಡ ಸಂಘಗಳ ಕ್ರೀಡಾಕೂಟಗಳೂ ಹೆಚ್ಚಾಗಿ ಈ ತಂಪಿನ ದಿನಗಳಲ್ಲೇ ನಡೆಯುತ್ತವೆ. ಆಗ ಗೆದ್ದವರ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಇವತ್ತು ನಾನು ಓಟದ ನಡುವೆ ನಿಂತವರ ಬಗ್ಗೆ ಮಾತಾಡುತ್ತೇನೆ.

2012ರ ಡಿಸೆಂಬರ್. ಸ್ಪೇನ್ ದೇಶದ ಬುರ್ಲಾಡಾ ಎಂಬ ಊರಿನಲ್ಲಿ ಒಂದು ಕ್ರಾಸ್ ಕಂಟ್ರಿ ಓಟ. ಕೀನ್ಯಾದ ಅಬೆಲ್ ಮುತಾಯ್ ಎಲ್ಲರಿಗಿಂತ ಮುಂದಿದ್ದ. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ, ಅಂದರೆ ಅಡೆತಡೆ ದಾಟುತ್ತಾ ಓಡುವ ಓಟದಲ್ಲಿ, ಕಂಚು ಗೆದ್ದವನು ಅವನು. ಗೆರೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಓಟ ಮುಗಿಯಿತು ಅಂದುಕೊಂಡು ನಿಂತುಬಿಟ್ಟ. ಜನ ಸ್ಪ್ಯಾನಿಷ್‌ನಲ್ಲಿ ಕೂಗಿದರು. ಅವನಿಗೆ ಆ ಭಾಷೆ ತಿಳಿಯದು. ಹಿಂದಿನಿಂದ ಬಂದವನು ಸ್ಪೇನಿನವನೇ ಆದ ಇವಾನ್ ಫರ್ನಾಂಡೆಸ್ ಅನಾಯಾ. ಸುಮ್ನೆ ದಾಟಿ ಹೋಗಬಹುದಿತ್ತು. ನಿಯಮ ಅವನನ್ನು ತಡೆಯುತ್ತಿರಲಿಲ್ಲ. ಆದರೆ ಅವನು ವೇಗ ಇಳಿಸಿ, ಮುತಾಯ್‌ನ ಹಿಂದೆಯೇ ಉಳಿದು, ಗೆರೆ ಅಲ್ಲಿದೆ ಎಂದು ಕೈಸನ್ನೆ ಮಾಡಿ ಮುಂದೆ ಕಳಿಸಿದ. ತಾನು ಎರಡನೆಯವನಾದ.

ಇದನ್ನು ಎಲ್ಲರೂ ಮೆಚ್ಚಿಕೊಂಡರು ಅಂತಿಲ್ಲ. ಇವಾನ್‌ನ ಕೋಚ್ ಮಾರ್ಟಿನ್ ಫಿಸ್, 1995ರ ವಿಶ್ವ ಮ್ಯಾರಥಾನ್ ಚಾಂಪಿಯನ್, ಗೆಲ್ಲುವ ಅವಕಾಶವನ್ನು ಕೈಯಾರೆ ಬಿಟ್ಟೆಯಲ್ಲ ಎಂದು ಬೇಸರಪಟ್ಟರು. ಅದಕ್ಕೆ ಇವಾನ್ ಕೊಟ್ಟ ಉತ್ತರದ ಸಾರ ಇಷ್ಟೇ: ಅವನು ತಪ್ಪಿ ನಿಲ್ಲದಿದ್ದರೆ ನಾನು ಅವನನ್ನು ಹಿಡಿಯುತ್ತಲೇ ಇರಲಿಲ್ಲ, ಗೆದ್ದವನು ಅವನೇ. ನನಗೆ ಈ ಉತ್ತರ ತುಂಬ ಹಿಡಿಸುತ್ತದೆ. ಪಾಪ ಅನ್ನುವ ಮಾತು ಇದರಲ್ಲಿ ಎಲ್ಲೂ ಇಲ್ಲ. ಯಾರು ಚೆನ್ನಾಗಿ ಓಡಿದರು ಅನ್ನುವ ಸರಿಯಾದ ಲೆಕ್ಕ ಇದೆ. ತನ್ನದಲ್ಲದ್ದನ್ನು ಮುಟ್ಟದಿರುವುದು, ಅಷ್ಟೇ ಅಲ್ವಾ?

ಆದರೆ ಕೆಲವೊಮ್ಮೆ ಬರೀ ಲೆಕ್ಕ ಸಾಲುವುದಿಲ್ಲ. ತನ್ನದೇ ಆದದ್ದನ್ನೂ ಬಿಡಬೇಕಾಗುತ್ತದೆ.

1988ರ ಸೋಲ್ ಒಲಿಂಪಿಕ್ಸ್. ಹಾಯಿದೋಣಿ ಪಂದ್ಯಗಳು ಬುಸಾನ್‌ನ ಕಡಲಲ್ಲಿ ನಡೆದಿದ್ದವು. ಕೆನಡಾದ ಲಾರೆನ್ಸ್ ಲೆಮ್ಯೂ ಒಬ್ಬನೇ ನಡೆಸುವ ಫಿನ್ ದೋಣಿಯಲ್ಲಿ ಎರಡನೇ ಸ್ಥಾನದಲ್ಲಿದ್ದ. ಗಾಳಿ ಜೋರಾಯಿತು, ಅಲೆ ಎದ್ದಿತು. ಬೇರೊಂದು ಪಂದ್ಯದಲ್ಲಿದ್ದ ಸಿಂಗಾಪುರದ ಇಬ್ಬರ ದೋಣಿ ಮಗುಚಿ, ಇಬ್ಬರೂ ನೀರಿಗೆ ಬಿದ್ದಿದ್ದರು. ಲೆಮ್ಯೂ ತನ್ನ ದಾರಿ ಬಿಟ್ಟು ಅವರತ್ತ ತಿರುಗಿದ. ಇಬ್ಬರನ್ನೂ ಎಳೆದು ತನ್ನ ದೋಣಿಗೆ ಹತ್ತಿಸಿಕೊಂಡ. ಕಾವಲು ದೋಣಿ ಬರುವವರೆಗೆ ಕಾದ. ಆಮೇಲೆ ಪಂದ್ಯಕ್ಕೆ ಮರಳಿ, ಬಹಳ ಹಿಂದೆ ಮುಗಿಸಿದ. ತೀರ್ಪುಗಾರರು ಆ ಪಂದ್ಯದಲ್ಲಿ ಅವನಿಗೆ ಎರಡನೇ ಸ್ಥಾನವನ್ನೇ ಉಳಿಸಿಕೊಟ್ಟರು. ಒಟ್ಟು ಸ್ಪರ್ಧೆಯಲ್ಲಿ ಮಾತ್ರ ಪದಕ ಸಿಗಲಿಲ್ಲ. ಕ್ರೀಡಾ ಮನೋಭಾವಕ್ಕಾಗಿ ಕೊಡುವ ಪಿಯರ್ ದ ಕೂಬರ್ತಿನ್ ಪದಕ ಸಿಕ್ಕಿತು. ಕರಾವಳಿಯಿಂದ ಬಂದು ಈ ಊರಿನಲ್ಲಿ ನೆಲೆನಿಂತ ನಮ್ಮ ಮೊಗವೀರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲಲ್ಲಿ ದೋಣಿ ಮಗುಚಿದಾಗ ಅದು ಯಾರದು ಎಂದು ಯಾರೂ ಕೇಳುವುದಿಲ್ಲ.

2016ರ ರಿಯೋ ಒಲಿಂಪಿಕ್ಸ್ ನಿಮಗೆ ನೆನಪಿರಬಹುದು. ಮಹಿಳೆಯರ 5000 ಮೀಟರ್ ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮುಂಚಿನ ಸುತ್ತಿನಲ್ಲಿ, ನ್ಯೂಜಿಲೆಂಡಿನ ನಿಕ್ಕಿ ಹ್ಯಾಂಬ್ಲಿನ್ ಎಡವಿ ಬಿದ್ದಳು, ಅವಳಿಗೆ ತಾಗಿ ಅಮೆರಿಕದ ಆ್ಯಬಿ ಡಿ'ಅಗೊಸ್ಟಿನೊ ಕೂಡ ಬಿದ್ದಳು. ಮೊದಲು ಎದ್ದ ಆ್ಯಬಿ ಓಡಿಹೋಗಲಿಲ್ಲ. ನಿಕ್ಕಿಯ ಭುಜ ಮುಟ್ಟಿ ಎಬ್ಬಿಸಿದಳು, ಏಳು, ಓಟ ಮುಗಿಸಬೇಕು ಅಂದಳು. ಸ್ವಲ್ಪ ಹೊತ್ತಿಗೆ ಆ್ಯಬಿಯ ಮಂಡಿಯೇ ಕೈಕೊಟ್ಟಿತು. ಈಗ ನಿಕ್ಕಿ ನಿಂತು ಅವಳಿಗೆ ಧೈರ್ಯ ಹೇಳಿದಳು. ಅದಕ್ಕೆ ಮುಂಚೆ ಇಬ್ಬರಿಗೂ ಪರಿಚಯವೇ ಇರಲಿಲ್ಲ. ಇಬ್ಬರೂ ಗೆರೆ ಮುಟ್ಟಿದರು. ತೀರ್ಪುಗಾರರು ಇಬ್ಬರಿಗೂ ಫೈನಲ್‌ನಲ್ಲಿ ಜಾಗ ಕೊಟ್ಟರು. ಮಂಡಿಯ ಪೆಟ್ಟಿನಿಂದ ಆ್ಯಬಿ ಅದರಲ್ಲಿ ಓಡಲಾಗಲಿಲ್ಲ.

1956ರಲ್ಲಿ ಮೆಲ್ಬರ್ನ್‌ನ ಒಂದು ಮೈಲಿ ಓಟದಲ್ಲಿ ಆಸ್ಟ್ರೇಲಿಯಾದ ಓಟಗಾರ ಜಾನ್ ಲ್ಯಾಂಡಿ ಬಿದ್ದವನಿಗಾಗಿ ನಿಂತು, ಆಮೇಲೆ ಓಡಿ ಗೆದ್ದೂಬಿಟ್ಟ. ಈ ಕಥೆ ಹೇಳುವುದು ಸುಲಭ, ಕೊನೆಗೆ ಬಹುಮಾನ ಇದೆ. ನನಗೆ ನಿಂತು ಸೋತವರೇ ದೊಡ್ಡವರಾಗಿ ಕಾಣುತ್ತಾರೆ.

ಈಗ ನಮ್ಮ ಊರಿಗೆ ಬರೋಣ. ಮ್ಯಾರಥಾನ್ ಅಂದರೆ 42 ಕಿಲೋಮೀಟರ್‌ಗೂ ಮೇಲೆ. ಪೆಡ್ಡರ್ ರಸ್ತೆಯ ಏರು ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಕಡಲ ತೇವದಲ್ಲಿ ಬೆವರು ಆರುವುದೇ ಇಲ್ಲ. ದಾರಿ ಬದಿಯ ಜನ ಕಿತ್ತಳೆ, ಬಿಸ್ಕೆಟ್ ಹಿಡಿದು ನಿಂತಿರುತ್ತಾರೆ, ಅದು ಈ ಊರಿನ ದೊಡ್ಡ ಗುಣ. ಆದರೆ ಪಕ್ಕದಲ್ಲಿ ಓಡುತ್ತಿರುವವರು ಸುಸ್ತಾಗಿದ್ದಾರೋ, ನಿಜವಾಗಿ ಅಪಾಯದಲ್ಲಿದ್ದಾರೋ ಎಂದು ಮೊದಲು ಕಾಣುವುದು ಜೊತೆಯ ಓಟಗಾರರಿಗೆ. ತೂರಾಡುತ್ತಿದ್ದರೆ, ಹೆಸರು ಕೇಳಿದರೆ ತಡವರಿಸಿದರೆ, ಅಡ್ಡಾದಿಡ್ಡಿ ಮಾತಾಡಿದರೆ, ದಯವಿಟ್ಟು ನಿಲ್ಲಿ. ಬಿಸಿಲಿನ ಹೊಡೆತ ಇರಬಹುದು. ನೆರಳಿಗೆ ಕರೆದುಕೊಂಡು ಹೋಗಿ. ಮೈಮೇಲೆ ತಣ್ಣೀರು ಸುರಿಯಿರಿ. ವಾಲಂಟಿಯರ್‌ಗಳನ್ನು ಕೂಗಿ, ವೈದ್ಯರು ಬರುವವರೆಗೆ ಅಲ್ಲೇ ಇರಿ. ನಿಮ್ಮ ಟೈಮಿಂಗ್ ಹೋಗುತ್ತದೆ. ಹೋಗಲಿ ಬಿಡಿ. ಇನ್ನೊಂದು ಜನವರಿ ಬರುತ್ತದೆ.

ಮಕ್ಕಳ ವಿಷಯ ಹೇಳದೆ ಇರಲಾರೆ. ಸಂಘದ ಕ್ರೀಡಾಕೂಟದಲ್ಲಿ ಮೂರು ಕಾಲಿನ ಓಟ ನೋಡಿ. ಜೊತೆಯವನು ಬಿದ್ದರೆ ಮಗು ತಾನಾಗಿ ನಿಲ್ಲುತ್ತದೆ, ಕಾಲು ಕಟ್ಟಿರುತ್ತದಲ್ಲ. ನೂರು ಮೀಟರ್ ಓಟದಲ್ಲೂ ಎಷ್ಟೋ ಪುಟ್ಟ ಮಕ್ಕಳು ಬಿದ್ದ ಗೆಳತಿಗಾಗಿ ತಿರುಗುತ್ತಾರೆ. ಆಗ ಹಗ್ಗದ ಆಚೆಯಿಂದ "ಹಿಂದೆ ನೋಡ್ಬೇಡ, ಓಡು, ಓಡು" ಅನ್ನುವ ಕೂಗು ಬರುತ್ತದೆ. ಕೂಗುವವರು ದೊಡ್ಡವರು. ಮಗು ಗೊಂದಲದಿಂದ ಅತ್ತಿತ್ತ ನೋಡುತ್ತದೆ. ನನಗೆ ಆ ಮುಖ ನೋಡಲಾಗುವುದಿಲ್ಲ.

ಹಾಗಾಗಿ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ. ಈ ಸಲದ ಕ್ರೀಡಾಕೂಟದ ಸಭೆಯಲ್ಲಿ ಒಂದು ನಿಯಮ ಸೇರಿಸಿ. ಬಿದ್ದವರಿಗಾಗಿ ನಿಂತ ಮಗುವನ್ನೂ, ಬಿದ್ದ ಮಗುವನ್ನೂ ಮುಂದಿನ ಸುತ್ತಿಗೆ ಕಳಿಸುವ ಅಧಿಕಾರ ಗೆರೆಯ ಹತ್ತಿರ ನಿಂತ ತೀರ್ಪುಗಾರರಿಗೆ ಇರಲಿ. ಒಲಿಂಪಿಕ್ಸ್‌ನಲ್ಲೇ ಅದಕ್ಕೆ ಜಾಗ ಇತ್ತು. ಆ ಮಗುವಿನ ಹೆಸರನ್ನು ಮೈಕಿನಲ್ಲಿ ಗಟ್ಟಿಯಾಗಿ ಹೇಳಿ, ಗೆದ್ದವರ ಹೆಸರಿನ ಜೊತೆಗೇ.