ಫಾರ್ಮ್ಯಾಟ್ ಅನ್ನೋ ಮೊದಲು ಸೇಫ್ ಮೋಡ್ ನೋಡಿ

ನಮಸ್ಕಾರ. ಕಂಪ್ಯೂಟರ್ ಆನ್ ಆಗುತ್ತಿಲ್ಲ ಅಂತ ಅಂಗಡಿಗೆ ಹೊತ್ತುಕೊಂಡು ಹೋದರೆ ನಮ್ಮೂರಲ್ಲಿ ಮೊದಲು ಕೇಳುವ ಮಾತು ಇದು: "ಫಾರ್ಮ್ಯಾಟ್ ಹೊಡೀಬೇಕು ಸಾರ್." ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕೋದು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಇವತ್ತು ಅದನ್ನೇ ಮಾತಾಡೋಣ.

ನಮ್ಮ ಸೋದರಮಾವ ಚಾಮರಾಜಪೇಟೆಯಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವನ್ನೂ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಪೇಜ್‌ಮೇಕರ್‌ನಲ್ಲಿ ಕೂರಿಸುತ್ತಾರೆ. ಮದುವೆ ಸೀಸನ್ನಿನ ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ವಿಂಡೋಸ್ ಲೋಗೋ ಬಂತು, ಕೆಳಗೆ ಚುಕ್ಕಿಗಳು ಸುತ್ತಿದವು, ಆಮೇಲೆ ಪರದೆ ಕಪ್ಪು. ಸಿಪಿಯು ಎತ್ತಿ ಆಟೋದಲ್ಲಿಟ್ಟುಕೊಂಡು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದರು. ಅಲ್ಲಿನ ಹುಡುಗ ಎರಡು ಸಲ ಆನ್ ಮಾಡಿ ನೋಡಿ, "ಫಾರ್ಮ್ಯಾಟ್ ಮಾಡಬೇಕು, ಡೇಟಾ ಗ್ಯಾರಂಟಿ ಇಲ್ಲ" ಅಂದ.

ಮಾವ ಅಲ್ಲಿಂದಲೇ ಫೋನ್ ಮಾಡಿದರು. "15 ವರ್ಷದ ಫೈಲು ಇದೆಯಲ್ಲೋ. ನಾಳೆ ಎರಡು ಪತ್ರಿಕೆ ಪ್ರೆಸ್ಸಿಗೆ ಹೋಗಬೇಕು. ಏನ್ ಮಾಡ್ಲಿ?"

"ಮಾವ, ಯಾರೂ ಮುಟ್ಟೋದು ಬೇಡ. ವಾಪಸ್ ತನ್ನಿ" ಅಂದೆ.

ಸಂಜೆ ಅವರ ಅಂಗಡಿಯಲ್ಲಿ ಕೂತೆವು. ಲೋಗೋ ಬರುತ್ತಿದ್ದ ಹಾಗೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಮತ್ತೆ ಆನ್, ಮತ್ತೆ ಆಫ್. ಹೀಗೆ ಎರಡು ಮೂರು ಸಲ ಆದರೆ ಏನೋ ಸರಿಯಿಲ್ಲ ಅಂತ ವಿಂಡೋಸ್‌ಗೇ ಗೊತ್ತಾಗಿ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ನಂಬರ್ ಹಾಕಿದ ಪಟ್ಟಿ ಬಂದಾಗ 4 ಒತ್ತಿದೆ.

ಕಪ್ಪು ಹಿನ್ನೆಲೆ ಬಂತು. ನಾಲ್ಕು ಮೂಲೆಯಲ್ಲೂ ಸೇಫ್ ಮೋಡ್ ಅನ್ನುವ ಅಕ್ಷರ. ಐಕಾನುಗಳು ದಪ್ಪದಪ್ಪ. ಮಾವ ಕನ್ನಡಕ ಸರಿ ಮಾಡಿಕೊಂಡು ಪರದೆ ಹತ್ತಿರ ಬಗ್ಗಿದರು. "ನನ್ನ ಫೋಲ್ಡರ್ ಇದೆಯಾ ನೋಡು." ಇತ್ತು. ಎಲ್ಲಾ ಇತ್ತು.

ಮೊದಲು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿದೆವು. ಆಮೇಲೆ ಡಿವೈಸ್ ಮ್ಯಾನೇಜರ್ ತೆಗೆದು ನೋಡಿದರೆ, ಹಿಂದಿನ ರಾತ್ರಿ ಡಿಸ್‌ಪ್ಲೇ ಡ್ರೈವರ್, ಅಂದರೆ ಪರದೆಯ ಚಿತ್ರ ನೋಡಿಕೊಳ್ಳುವ ಸಾಫ್ಟ್‌ವೇರ್, ಅಪ್‌ಡೇಟ್ ಆಗಿತ್ತು. ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಳೆಯದಕ್ಕೆ ತಂದೆ. ರೀಸ್ಟಾರ್ಟ್ ಮಾಡಿದಾಗ ಮಾಮೂಲಿ ಪರದೆ ಬಂತು. ಮಾರನೇ ದಿನ ಎರಡೂ ಪತ್ರಿಕೆ ಪ್ರೆಸ್ಸಿಗೆ ಹೋದವು.

ಸೇಫ್ ಮೋಡ್ ಅಂದರೆ ಏನು? ಮದುವೆ ಮನೆಗೆ ನೆಂಟರು ಬಂದು ತುಂಬಿಕೊಳ್ಳುವ ಮೊದಲು ಮನೆಯವರಷ್ಟೇ ಇರುತ್ತಾರಲ್ವಾ, ಹಾಗೆ. ಗ್ರಾಫಿಕ್ಸ್ ಡ್ರೈವರ್, ಸೌಂಡು, ಆನ್ ಆದ ತಕ್ಷಣ ತಾವಾಗೇ ಓಡುವ ಪ್ರೋಗ್ರಾಂಗಳು, ಇವನ್ನೆಲ್ಲ ಹೊರಗಿಟ್ಟು ವಿಂಡೋಸ್ ತನಗೆ ಬೇಕೇ ಬೇಕಾದಷ್ಟನ್ನು ಮಾತ್ರ ಎಬ್ಬಿಸುತ್ತದೆ. ಆಗ ತೊಂದರೆ ಕಾಣದಿದ್ದರೆ ವಿಂಡೋಸ್ ಬಹುಮಟ್ಟಿಗೆ ನೆಟ್ಟಗಿದೆ, ತಪ್ಪು ಆಮೇಲೆ ಬಂದ ನೆಂಟರಲ್ಲಿದೆ. ಅಲ್ಲೂ ಅದೇ ಗೋಳಾದರೆ ಡಿಸ್ಕು, ರ‍್ಯಾಮ್, ಸಿಸ್ಟಮ್ ಫೈಲುಗಳ ಮೇಲೆ ಅನುಮಾನ ಪಡಬೇಕು. ಇಷ್ಟು ತಿಳಿಯೋಕೆ ಹತ್ತು ನಿಮಿಷ ಸಾಕು. ಅಷ್ಟನ್ನೂ ನೋಡದೆ ಫಾರ್ಮ್ಯಾಟ್ ಅನ್ನೋದು ನನ್ನ ಪ್ರಕಾರ ತಪ್ಪು. ಅಂಗಡಿ ಹುಡುಗರ ಮುಂದೆ ಸಾಲುಗಟ್ಟಿ ಮಷಿನ್ ಇರುತ್ತವೆ, ಫಾರ್ಮ್ಯಾಟ್ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಹೋಗೋದು ನಮ್ಮ ಫೈಲು.

2024ರ ಜುಲೈ 19 ನೆನಪಿದೆಯಾ? ಕಂಪ್ಯೂಟರ್ ಭದ್ರತೆಯ ಸಾಫ್ಟ್‌ವೇರ್ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್ ಕೆಟ್ಟು ಪ್ರಪಂಚದ ತುಂಬ ನೀಲಿ ಪರದೆ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ಮಷಿನ್‌ಗಳಿಗೆ ತೊಂದರೆ ಆಯಿತು. ಆಗ ಕ್ರೌಡ್‌ಸ್ಟ್ರೈಕ್ ಹೇಳಿದ ದಾರಿ: ಸೇಫ್ ಮೋಡ್‌ಗೆ ಹೋಗಿ, ಕೆಟ್ಟ ಆ ಒಂದು ಫೈಲ್ ಅಳಿಸಿ, ರೀಸ್ಟಾರ್ಟ್ ಮಾಡಿ. ಐಟಿಯವರು ಒಂದೊಂದೇ ಮಷಿನ್ ಮುಂದೆ ಕೂತು ಇದನ್ನು ಮಾಡಿದರು. ಅಷ್ಟು ದೊಡ್ಡ ಗಲಾಟೆಗೇ ಇದು ಸಾಕಾಯಿತು. ಮನೆ ಕಂಪ್ಯೂಟರಿಗೆ ಒಂದು ಸಲ ನೋಡೋಕೇನು ಕಷ್ಟ?

ವಿಂಡೋಸ್ 7ರವರೆಗೆ ಎಫ್8 ಒತ್ತಿದರೆ ಸಾಕಿತ್ತು. 2012ರಲ್ಲಿ ವಿಂಡೋಸ್ 8 ಬಂದಮೇಲೆ ಆ ದಾರಿ ಮುಚ್ಚಿತು, ಹಾಗಾಗಿ ಸೇಫ್ ಮೋಡೇ ಹೋಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗಿಲ್ಲ. ಲಾಗಿನ್ ಪರದೆಯವರೆಗೆ ಬರುತ್ತಿದ್ದರೆ ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ, ಅದೇ ರಿಪೇರಿ ಪರದೆ ಬರುತ್ತದೆ. ಇಂಟರ್ನೆಟ್ ಬೇಕಿದ್ದರೆ 4ರ ಬದಲು 5.

ಒಂದು ಎಚ್ಚರಿಕೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ, ಆನ್ ಆಗಿಯೇ ಬಂದಿರಬಹುದು. ಆಗ ಈ ದಾರಿಯಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ, ದಯವಿಟ್ಟು ಇವತ್ತೇ, ಒಂದು ಹಾಳೆಯಲ್ಲಿ ಬರೆದಿಡಿ. ಲಾಗಿನ್ ಪಾಸ್‌ವರ್ಡೂ ನೆನಪಿರಲಿ, ಕೆಲವೊಮ್ಮೆ ಸೇಫ್ ಮೋಡ್ ಪಿನ್ ತಗೊಳ್ಳಲ್ಲ. ಇನ್ನು ಹಾರ್ಡ್ ಡಿಸ್ಕ್ ಒಳಗೆ ಟಕ್ ಟಕ್ ಅಂತ ಶಬ್ದ ಬರುತ್ತಿದ್ದರೆ ಇದ್ಯಾವುದೂ ಬೇಡ. ತಕ್ಷಣ ಆಫ್ ಮಾಡಿ, ಡೇಟಾ ತೆಗೆದುಕೊಡುವವರ ಹತ್ತಿರ ಹೋಗಿ.

ಮಾವ ಈಗ ಮಾನಿಟರ್ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದಾರೆ. ಶಿಫ್ಟ್, ರೀಸ್ಟಾರ್ಟ್, ಟ್ರಬಲ್‌ಶೂಟ್ ಅಂತ ಶುರುವಾಗಿ 4ರವರೆಗೆ, ತಾವೇ ನುಡಿಯಲ್ಲಿ ಟೈಪ್ ಮಾಡಿ, ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆದದ್ದು. ಹೋದ ವಾರ ಪಕ್ಕದ ಜೆರಾಕ್ಸ್ ಅಂಗಡಿಯವರು ನೋಡಿ ಕೇಳಿದರಂತೆ. ಅವರಿಗೂ ಒಂದು ಪ್ರಿಂಟ್ ತೆಗೆದುಕೊಟ್ಟಿದ್ದಾರೆ.