ಚಾಮಯ್ಯ ಮೇಷ್ಟ್ರಿಗೊಂದು ಕಬ್ಬಿಣದ ಬೇಲಿ

ವೀಕ್ಷಕರೇ, ನಮಸ್ಕಾರ. ಕಳೆದ ಸಂಚಿಕೆಯಲ್ಲಿ 1972ರ 'ನಾಗರಹಾವು' ಚಿತ್ರದ ಅಂತ್ಯದ ಬಗ್ಗೆ ಮಾತನಾಡುತ್ತ, ಚಿತ್ರದುರ್ಗದ ಆ ಬಂಡೆಯ ಅಂಚಿಗೆ ಯಾರಾದರೂ ಕಬ್ಬಿಣದ ಬೇಲಿ ಹಾಕಿಸಿದ್ದರೆ ಚಾಮಯ್ಯ ಮೇಷ್ಟ್ರು ಬೀಳುತ್ತಿರಲಿಲ್ಲ, ಪುಟ್ಟಣ್ಣ ಕಣಗಾಲರಿಗೆ ರಾಮಾಚಾರಿ ಮತ್ತು ಮಾರ್ಗರೆಟ್ಟರ ಮದುವೆ ಚಿತ್ರೀಕರಿಸುವುದಷ್ಟೇ ಬಾಕಿ ಇರುತ್ತಿತ್ತು ಎಂದಿದ್ದೆ. ಅದಕ್ಕೆ ಒಬ್ಬರು, ಕೋಟೆಯು ಸಂರಕ್ಷಿತ ಸ್ಮಾರಕವಾದ್ದರಿಂದ ಮನಬಂದಂತೆ ಬೇಲಿ ಹಾಕುವಂತಿಲ್ಲ ಎಂದು ಪಾಠ ಮಾಡಿದ್ದಾರೆ. ಇನ್ನೊಬ್ಬರು, ಮೇಷ್ಟ್ರ ಪಾತ್ರ ಮಾಡಿದ ಅಶ್ವತ್ಥರ ಅಭಿನಯವನ್ನು ಅವಮಾನಿಸಿದ್ದಕ್ಕೆ ನಾನು ಕ್ಷಮೆ ಕೇಳಬೇಕಂತೆ.

ಅಲ್ಲ ಸ್ವಾಮಿ, ಅಲಮೇಲು ವಿಷಯದಲ್ಲಿ ಜಾತಿಯ ಗೋಡೆ ತೋರಿಸಿ ಶಿಷ್ಯ ರಾಮಾಚಾರಿಯಿಂದ ಪ್ರೀತಿಯನ್ನು ಬಿಡಿಸಿದ ಮೇಷ್ಟ್ರು, ಮಾರ್ಗರೆಟ್ ವಿಷಯದಲ್ಲಿ ಧರ್ಮದ ಗೋಡೆಯಾಗಿ ತಾವೇ ಬೆಟ್ಟದ ಮೇಲೆ ಬಂದು ನಿಲ್ಲುತ್ತಾರೆ. ಅಷ್ಟು ಗೋಡೆಗಳಿದ್ದ ಕಡೆ ಬೇಲಿಯೊಂದು ಕಡಿಮೆಯಾಯಿತು ಎಂದು ದೂರಿದರೆ ಅದು ಕೊಂಕೆಂದು ತಿಳಿಯುವುದಕ್ಕೆ ಹಣೆಪಟ್ಟಿ ಬೇಕೆ? ಹಣೆಪಟ್ಟಿ ಅಂಟಿಸಿದ ವ್ಯಂಗ್ಯ ವ್ಯಂಗ್ಯವೇ ಅಲ್ಲ.

ಸ್ಮೈಲಿ ಹಾಕಬಹುದಿತ್ತಲ್ಲ ಎನ್ನುವವರಿದ್ದಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್, ತಮಾಷೆಯ ಮಾತಿಗೆ ನಗುಮುಖದ ಗುರುತು ಹಾಕೋಣ ಎಂದು 1982ರಲ್ಲೇ ಸೂಚಿಸಿದ್ದರು. ಅಂದಿನಿಂದ ಜಗಳವೇನಾದರೂ ನಿಂತಿದೆಯೇ? ಈಗ ಆ ನಗುಮುಖವನ್ನೇ ಕುಹಕವೆಂದು ಓದಿ ಜಗಳಕ್ಕೆ ಬರುತ್ತಾರೆ. ದಾಸರು ದೇವರನ್ನೇ ಛೇಡಿಸಿ ನಿಂದಾಸ್ತುತಿ ಹಾಡಿದರೆ ತಾಳ ಹಾಕುವ ನಾವು, ಒಂದು ಬಂಡೆಯ ಬಗ್ಗೆ ಛೇಡಿಸಿದರೆ ದೂರು ಬರೆಯಲು ಕೂರುತ್ತೇವೆ. ಕಾದಂಬರಿಕಾರ ತ.ರಾ.ಸು. ಅವರೇ ಸಿನಿಮಾ ನೋಡಿ, ತಮ್ಮ ನಾಗರಹಾವು ಕೇರೆಹಾವಾಯಿತೆಂದು ಬೇಸರಪಟ್ಟರೆಂಬ ಮಾತು ಇಂದಿಗೂ ಪ್ರಚಲಿತದಲ್ಲಿದೆ. ಆಗ ಈ ಮಹನೀಯರಿದ್ದಿದ್ದರೆ, ಕೇರೆಹಾವಿಗೆ ವಿಷವಿರುವುದಿಲ್ಲ ಸಾರ್, ದಯವಿಟ್ಟು ತಿದ್ದಿಕೊಳ್ಳಿ ಎಂದು ಅವರಿಗೂ ಬರೆಯುತ್ತಿದ್ದರು!

ಎಲ್ಲರಿಗೂ ನಿಮ್ಮ ಧಾಟಿ ಅರ್ಥವಾಗುವುದಿಲ್ಲ ಎಂಬುದು ಕೊನೆಯ ಆಕ್ಷೇಪ. ಆಗದಿದ್ದರೆ ಬೇಡ. ಹಣೆಪಟ್ಟಿಯನ್ನಂತೂ ಅಂಟಿಸುವುದಿಲ್ಲ, ಬೇಲಿ ಇಲ್ಲದ್ದೇ ಆ ದುರಂತಕ್ಕೆ ಕಾರಣವೆಂದು ಇನ್ನೂ ಗಂಭೀರವಾದ ಮುಖಭಾವದಿಂದ, ಬೇಕಾದರೆ ಕೋಟು ತೊಟ್ಟು, ಮತ್ತೊಮ್ಮೆ ಹೇಳುತ್ತೇನೆ. ನನ್ನ ಪ್ರತಿಯೊಂದು ತಮಾಷೆಯನ್ನೂ ಗಂಭೀರವಾಗಿ ಸ್ವೀಕರಿಸುವ ಇದೇ ಜನ, ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ ಎಂದು ಪ್ರತಿವಾರ ಕೈಮುಗಿದು ಕೇಳುವುದನ್ನು ಮಾತ್ರ ತಮಾಷೆ ಎಂದುಕೊಂಡಿದ್ದಾರೆ.