ಪಾರ್ಕ್ ಗೇಟ್ ಪಕ್ಕದ ಹಲಗೆ: ತುಮಕೂರಿನ ಒಂದು ಬಡಾವಣೆಯ ಬೇಸಿಗೆ

ನಮಸ್ಕಾರ. ಈಗ ನೀವು ನೋಡ್ತಿರೋ ಈ ಕಪ್ಪು ಹಲಗೆ ಇರೋದು ತುಮಕೂರಿನಲ್ಲಿ, ಶೆಟ್ಟಿಹಳ್ಳಿ ಕಡೆಯ ನಮ್ಮ ಬಡಾವಣೆಯ ಪಾರ್ಕ್ ಗೇಟ್ ಪಕ್ಕ. ಮೇಲೊಂದು ತಗಡಿನ ಮಾಡು. ಅರ್ಧ ಭಾಗಕ್ಕೆ ಸೀಮೆಸುಣ್ಣದ ಬರಹ, ಇನ್ನರ್ಧಕ್ಕೆ ಅಂಟಿಸಿದ ಕಾಗದಗಳು. ಇವತ್ತಿನ ವಿಡಿಯೊ ಪೂರ್ತಿ ಈ ಹಲಗೆ ಬಗ್ಗೇನೇ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಬಡಾವಣೆಯಲ್ಲಿ ಏನೇನು ನಡೆಯುತ್ತೆ, ಅದು ಯಾರಿಗೆ ಮುಂಚೆ ಗೊತ್ತಾಗುತ್ತೆ, ಯಾರಿಗೆ ಗೊತ್ತೇ ಆಗಲ್ಲ ಅನ್ನೋದು ಇಲ್ಲಿ ನಿಂತ್ರೆ ತಿಳಿಯುತ್ತೆ.

ಎಲ್ಲರ ಕೈಲೂ ಮೊಬೈಲ್ ಇದೆ, ಬಡಾವಣೆಗೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ, ಇನ್ನು ಹಲಗೆ ಯಾಕೆ ಅಂತ ಕೇಳೋರಿದ್ದಾರೆ. ಆ ಗ್ರೂಪಿನಲ್ಲಿ ಇರೋರು ಯಾರು ಅಂತ ಒಮ್ಮೆ ನೋಡಿ. ಬಹುಪಾಲು ಸ್ವಂತ ಮನೆಯೋರು. ಮಹಡಿ ಮೇಲಿನ ಬಾಡಿಗೆಯೋರು ಅಲ್ಲಿಲ್ಲ. ರೂಮ್ ಮಾಡ್ಕೊಂಡು ಓದ್ತಿರೋ ಹುಡುಗರು ಇಲ್ಲ. ವಸಂತನರಸಾಪುರದ ಕಾರ್ಖಾನೆಗಳಿಗೆ ಪಾಳಿ ಮೇಲೆ ಹೋಗಿ ಬರೋರು ಇಲ್ಲ. ನಾಲ್ಕು ಮನೆ ಪಾತ್ರೆ ತೊಳೆದು ತಮ್ಮ ಮನೆಗೆ ಓಡೋ ಹೆಂಗಸರನ್ನ ಯಾವ ಗ್ರೂಪಿಗೂ ಯಾರೂ ಸೇರಿಸಿಲ್ಲ. ನೀರು ಬಾರದಿದ್ರೆ, ಕರೆಂಟ್ ಹೋದ್ರೆ ಮೊದಲು ಪೆಟ್ಟು ಬೀಳೋದು ಇವರಿಗೇ. ಸಂಪು ಇಲ್ಲ, ಯುಪಿಎಸ್ ಇಲ್ಲ, ಟ್ಯಾಂಕರ್ ತರಿಸೋ ಶಕ್ತಿ ಇಲ್ಲ. ಅದಕ್ಕೇ ನನಗೆ ಈ ಹಲಗೆ ಮೇಲೆ ಇಷ್ಟು ಅಭಿಮಾನ. ದಾರೀಲಿ ಹೋಗೋರೆಲ್ಲರಿಗೂ ಇದು ಸೇರಿದ್ದು.

ಎಡಗಡೆ ಮೇಲಿನ ಮೂಲೆ ನೀರಿಗೆ ಮೀಸಲು. ಮಳೆಗಾಲದಲ್ಲಿ ಆ ಕಡೆ ಯಾರೂ ಅಷ್ಟಾಗಿ ನೋಡಲ್ಲ, ಮಾರ್ಚ್ ಕಳೀತು ಅಂದ್ರೆ ಎಲ್ಲರ ಕಣ್ಣೂ ಅಲ್ಲೇ. ತುಮಕೂರು ಕುಡಿಯೋದು ಹೇಮಾವತಿ ನೀರು. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟೆಯಿಂದ ನಾಲೆಯಲ್ಲಿ ಹರಿದು ಬಂದು ಬುಗುಡನಹಳ್ಳಿ ಕೆರೆ ತುಂಬಬೇಕು, ಅಲ್ಲಿಂದ ಶುದ್ಧವಾಗಿ ನಗರಕ್ಕೆ ಬರಬೇಕು. ನಾಲೆಯಲ್ಲಿ ವರ್ಷವಿಡೀ ನೀರು ಹರಿಯಲ್ಲ. ಹರಿದಾಗ ಕೆರೆಯಲ್ಲಿ ಎಷ್ಟು ನಿಂತಿತೋ ಅಷ್ಟರಲ್ಲೇ ಬೇಸಿಗೆ ದಾಟಬೇಕು. ಮಟ್ಟ ಇಳಿದ ಹಾಗೆಲ್ಲ ಒಂದು ಬೀದಿಗೆ ನೀರು ಬಿಡೋ ದಿನಗಳ ನಡುವಿನ ಅಂತರ ಹಿಗ್ಗುತ್ತಾ ಹೋಗುತ್ತೆ.

ಇಲ್ಲಿ ನೋಡಿ, ನಮ್ಮ ನೀರುಗಂಟಿ. ಅವರ ಕೈಲಿರೋದು ಎದೆಮಟ್ಟದ ಕಬ್ಬಿಣದ ಕೀ, ಮೇಲೆ ಅಡ್ಡ ಹಿಡಿ. ವಾಲ್ವ್ ಗುಂಡಿಯ ಮುಚ್ಚಳ ಸರಿಸ್ತಾರೆ, ಕೀ ಒಳಗಿಳಿಸ್ತಾರೆ, ಅದು ಕಚ್ಚಿಕೊಂಡಿದ್ದು ಕೈಗೆ ಗೊತ್ತಾದ ಮೇಲೆ ಮೈಭಾರ ಹಾಕಿ ಸುತ್ತು ತಿರುಗಿಸ್ತಾರೆ. ಸ್ವಲ್ಪ ಹೊತ್ತಿಗೆ ಆಚೆ ಮನೆಯ ನಲ್ಲಿಯಿಂದ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಇವರು ಮಾಡೋ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಹಿಂದಿನ ದಿನ ಸಂಜೆಯೇ ಬಂದು ಹಲಗೆ ಮೇಲೆ ಬರೀತಾರೆ: ‘3, 4, 5ನೇ ಕ್ರಾಸ್, ನಾಳೆ ಬೆಳಿಗ್ಗೆ 5ರಿಂದ’. ಇದನ್ನು ಓದಿ ಕೆಲಸಕ್ಕೆ ಹೋಗೋ ಹೆಂಗಸು ಮರುದಿನ ಅರ್ಧ ಗಂಟೆ ತಡವಾಗಿ ಬರ್ತೀನಿ ಅಂತ ಮನೆಯೋರಿಗೆ ಮೊದಲೇ ಹೇಳಬಹುದು. ಆ ಒಂದು ಸಾಲು ಇಲ್ಲದಿದ್ರೆ ಅವಳು ಕೆಲಸಕ್ಕೆ ಹೋದಾಗ ನೀರು ಬಂದು, ವಾಪಸ್ ಬರೋ ಹೊತ್ತಿಗೆ ನಿಂತಿರುತ್ತೆ.

ನೀರಿನ ಕೆಳಗೇ ಕರೆಂಟ್. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗೋ ಕೊಂಬೆ ಕಡಿಯೋದು, ಹಳೇ ತಂತಿ ಬದಲಾಯಿಸೋದು, ಟ್ರಾನ್ಸ್‌ಫಾರ್ಮರ್ ರಿಪೇರಿ ಎಲ್ಲ ಈ ತಿಂಗಳುಗಳಲ್ಲೇ ನಡೆಯೋದು. ಆಗಲೇಬೇಕಾದ ಕೆಲಸ. ಮೇ ತಿಂಗಳಲ್ಲಿ ಕೊಂಬೆ ಕಡಿಯದಿದ್ರೆ ಮೊದಲ ಮುಂಗಾರು ಗಾಳಿಗೇ ರಾತ್ರಿಯೆಲ್ಲ ಕತ್ತಲು. ಆದ್ರೆ ಪ್ರಕಟಣೆಗಳಲ್ಲಿ ಬರೋದು ಉಪಕೇಂದ್ರದ ಹೆಸರು, ಅಲ್ಲಿಂದ ಹೊರಡೋ ಲೈನಿನ ಅಂದ್ರೆ ಫೀಡರ್ ನಂಬರ್. ತನ್ನ ಮನೆ ಯಾವ ಫೀಡರ್‌ನಲ್ಲಿದೆ ಅಂತ ಸಾಮಾನ್ಯ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು? ನಮ್ಮ ಅದೃಷ್ಟಕ್ಕೆ ಇಲ್ಲೊಬ್ಬರು ನಿವೃತ್ತ ಲೈನ್‌ಮನ್ ಇದ್ದಾರೆ. ಪೇಪರ್‌ನಲ್ಲಿ ಬಂದ ಪ್ರಕಟಣೆ ಓದಿ, ಅದನ್ನು ಕ್ರಾಸ್ ನಂಬರ್‌ಗೆ ಇಳಿಸಿ ಹಲಗೆ ಮೇಲೆ ಬರೀತಾರೆ. ಕೆಳಗೆ 1912 ಅಂತ ಬೆಸ್ಕಾಂ ಸಹಾಯವಾಣಿ ನಂಬರೂ ಇರುತ್ತೆ. ಮನೆಯಲ್ಲೇ ಮೋಟಾರ್ ಇಟ್ಟು ಬ್ಲೌಸ್ ಹೊಲಿಯೋರು, ಹಿಟ್ಟಿನ ಗಿರಣಿಯೋರು, ಉಬ್ಬಸಕ್ಕೆ ನೆಬ್ಯುಲೈಜರ್ ಹಚ್ಚಬೇಕಾದ ಮುದುಕರು, ಇವರೆಲ್ಲ ಆ ಸಾಲು ನೋಡಿ ದಿನ ಹೊಂದಿಸ್ಕೊಳ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ನೀರು ಬಿಡೋ ದಿನವೂ ಕರೆಂಟ್ ತೆಗೆಯೋ ದಿನವೂ ಒಂದೇ ಆಗಿಬಿಟ್ರೆ ಸಂಪಿಗೆ ಬಿದ್ದ ನೀರು ಮೇಲಿನ ತೊಟ್ಟಿಗೆ ಏರಲ್ಲ. ಫೋನಿನಲ್ಲಿ ಒಂದು ಸಂದೇಶ ಸೋಮವಾರ ಬಂದಿರುತ್ತೆ, ಇನ್ನೊಂದು ಗುರುವಾರ, ನಡುವೆ ನೂರಾರು ಶುಭೋದಯ. ಹಲಗೆ ಮೇಲೆ ಎರಡೂ ಒಂದರ ಕೆಳಗೊಂದು ಇರೋದರಿಂದ ನೋಡಿದವರಿಗೆ ತಕ್ಷಣ ಹೊಳೆಯುತ್ತೆ, ಬೆಳಿಗ್ಗೆ ಹತ್ತರೊಳಗೆ ಮೋಟಾರ್ ಹಾಕಿ ಮುಗಿಸಿಬಿಡೋಣ ಅಂತ.

ಈ ನೀಲಿ ಕಾಗದವನ್ನ ಮಾತ್ರ ನಿಂತು ಓದಿ ಅಂತ ಎಲ್ಲರನ್ನೂ ಕೇಳ್ಕೊಳ್ತೀನಿ. ಡೆಂಗಿ ಎಚ್ಚರಿಕೆ. ಬಿಸಿಲಲ್ಲಿ ಡೆಂಗಿ ಎಲ್ಲಿಂದ ಬರುತ್ತೆ ಅನ್ನಿಸಬಹುದು. ನೀರು ದಿನಾ ಬಾರದಿದ್ದಾಗ ನಾವು ಮಾಡೋದೇನು? ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಸಿಡ್ತೀವಿ. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಬೇಕಾಗಿರೋದೂ ಅದೇ, ನಿಂತ ತಿಳಿನೀರು. ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ ಸಾಕು. ವಾರಕ್ಕೊಂದು ಸಲ ಡ್ರಮ್ ಖಾಲಿ ಮಾಡಿ ಅನ್ನೋದು ಈ ಲೆಕ್ಕದಿಂದ. ಬರೀ ನೀರು ಚೆಲ್ಲಿದ್ರೆ ಆಗಲ್ಲ. ಈ ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿಗೆ, ಡ್ರಮ್ಮಿನ ಒಳಗೋಡೆ ಮೇಲೆ. ಒಣಗಿದ್ರೂ ಅವು ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತವೆ. ತೆಂಗಿನ ನಾರು ಹಿಡಿದು ಒಳಗೋಡೆ ಉಜ್ಜಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಆಮೇಲೆ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ ನಿಯಮ ತಂದಿದೆ. ಸೊಳ್ಳೆ ಹುಟ್ಟೋಕೆ ಬಿಟ್ರೆ ನಗರದ ಮನೆಗಳಿಗೆ 400 ರೂಪಾಯಿ ದಂಡ, ಕಟ್ಟಡ ಕೆಲಸ ನಡೀತಿರೋ ಜಾಗಕ್ಕೆ 2,000. ನಮ್ಮ ಬಡಾವಣೆಯಲ್ಲಿ ಅರ್ಧ ಕಟ್ಟಿ ನಿಲ್ಲಿಸಿದ ಮನೆಗಳು ಎಷ್ಟಿವೆ ನೋಡಿ, ಸಿಮೆಂಟ್ ಗಟ್ಟಿಯಾಗೋಕೆ ನೀರುಣಿಸೋ ಕ್ಯೂರಿಂಗ್‌ಗೆ ತುಂಬಿಸಿದ ತೊಟ್ಟಿಗಳು ಹಾಗೇ ನಿಂತಿವೆ. ಆಶಾ ಕಾರ್ಯಕರ್ತೆಯರು ಲಾರ್ವಾ ನೋಡೋಕೆ ಬಂದಾಗ ಗೇಟಲ್ಲೇ ನಿಲ್ಲಿಸಿ ಕಳಿಸಬೇಡಿ. ಈ ಬಿಸಿಲಲ್ಲಿ ಬಾಗಿಲು ಬಾಗಿಲಿಗೂ ಬರ್ತಿದ್ದಾರೆ, ಒಂದು ಲೋಟ ಮಜ್ಜಿಗೆ ಕೊಟ್ಟು ಸಂಪಿನ ಮುಚ್ಚಳ ತೆಗೆದು ತೋರಿಸಿ.

ಆಸ್ತಿ ತೆರಿಗೆ ಚೀಟಿ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಏಪ್ರಿಲ್ 30ರೊಳಗೆ ಕಟ್ಟಿದ್ರೆ ಶೇ 5 ರಿಯಾಯಿತಿ. ಜೂನ್ ಮುಗಿಯೋತನಕ ದಂಡ ಇಲ್ಲ, ಆಮೇಲೆ ತಿಂಗಳಿಗೆ ಶೇ 2ರಂತೆ ಏರುತ್ತೆ. ಪಿಂಚಣಿ ಮೇಲೆ ಇರೋರಿಗೆ ಆ ಐದು ಸಣ್ಣದಲ್ಲ.

ಈಗ ಹಲಗೆ ಬಿಟ್ಟು ನಾಲ್ಕು ಹೆಜ್ಜೆ ಈ ಕಡೆ ಬನ್ನಿ, ಹೊಂಗೆ ಮರದ ಕೆಳಗೆ. ಇದು ನಮ್ಮ ಅರವಟ್ಟಿಗೆ. ಅರವಟ್ಟಿಗೆ ಇಡೋದು ಕನ್ನಡ ನಾಡಿಗೆ ಹೊಸದೇನಲ್ಲ, ಹಳೆಯ ಶಾಸನಗಳಲ್ಲೇ ಇದಕ್ಕೆ ದತ್ತಿ ಬಿಟ್ಟ ಉಲ್ಲೇಖಗಳಿವೆ. ಮರಳಿನ ಹಾಸಿನ ಮೇಲೆ ಎರಡು ದೊಡ್ಡ ಮಣ್ಣಿನ ಮಡಕೆ, ಸುತ್ತ ಒದ್ದೆ ಗೋಣಿತಾಟು, ಬಾಯಿಗೆ ತಟ್ಟೆ, ಬಗ್ಗಿಸೋಕೆ ಉದ್ದ ಹಿಡಿಯ ಸೌಟು. ಗೋಣಿತಾಟಿಗೆ ಬೆಳಿಗ್ಗೆ, ಮಧ್ಯಾಹ್ನ ನೀರು ಚಿಮುಕಿಸ್ತಾನೇ ಇರಬೇಕು, ಅದು ಆರುತ್ತಾ ಮಡಕೆಯೊಳಗಿನ ಬಿಸಿ ಎಳೆದುಕೊಳ್ಳುತ್ತೆ. ಯಾವ ದಿನ ಯಾವ ಮನೆಯೋರು ತುಂಬಿಸಬೇಕು ಅನ್ನೋ ಪಟ್ಟಿ ಹಲಗೆ ಮೇಲಿದೆ. ಪಟ್ಟಿಯಲ್ಲಿ ಸ್ವಂತ ಮನೆ, ಬಾಡಿಗೆ ಮನೆ ಅಂತ ಭೇದ ಇಲ್ಲ. ಪಟ್ಟಿ ಇಲ್ಲದ ಅರವಟ್ಟಿಗೆಗಳು ಏನಾಗ್ತವೆ ಅಂತ ಊರೆಲ್ಲ ನೋಡಿದ್ದೀವಿ. ಮೊದಲ ವಾರ ಹಾರ, ಫೋಟೊ, ಮೂರನೇ ವಾರಕ್ಕೆ ಖಾಲಿ ಮಡಕೆಯಲ್ಲಿ ಜೇಡರ ಬಲೆ.

ಬೇಸಿಗೆಯ ಹಬ್ಬಗಳಿಗೆ ಪ್ರಚಾರವೇ ಬೇಡ. ಏಪ್ರಿಲ್ 1 ಬಂತು ಅಂದ್ರೆ, 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಜಯಂತಿ, ಅನ್ನದಾಸೋಹ. ರಾಮನವಮಿಗೆ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ ಮೆರವಣಿಗೆ, ಅದಾದ ಮೇಲೆ ಬಸವ ಜಯಂತಿ. ಇವು ತಾವಾಗೇ ಎಲ್ಲರನ್ನೂ ಕರೆಯುತ್ತವೆ.

ರಕ್ತದಾನ ಶಿಬಿರದ ಪ್ರಚಾರದ ಬಗ್ಗೆ ನನ್ನದೊಂದು ಕಳಕಳಿ ಇದೆ. ಕಾಲೇಜುಗಳಿಗೆ ರಜೆ ಬಂದು ರಕ್ತ ಕೊಡೋ ಹುಡುಗರು ಊರಿಗೆ ಹೋಗಿರೋದರಿಂದ ಬೇಸಿಗೆಯಲ್ಲಿ ರಕ್ತನಿಧಿಗಳಲ್ಲಿ ಕೊರತೆ. ಆಗ ಹಾಕೋ ಫ್ಲೆಕ್ಸಿನಲ್ಲಿ ಹತ್ತು ಹದಿನೈದು ಮುಖಗಳಿರುತ್ತವೆ, ಯಾರು ಕೊಡಬಹುದು ಅನ್ನೋದು ಮಾತ್ರ ಇರಲ್ಲ. ಹದಿನೆಂಟರಿಂದ ಅರವತ್ತೈದು ವಯಸ್ಸು, ಕನಿಷ್ಠ 45 ಕೆ.ಜಿ. ತೂಕ, ಗಂಡಸರಾದ್ರೆ ಹಿಂದೆ ಕೊಟ್ಟು ಮೂರು ತಿಂಗಳು, ಹೆಂಗಸರಾದ್ರೆ ನಾಲ್ಕು ತಿಂಗಳು ಆಗಿರಬೇಕು. ಈ ಎರಡು ಸಾಲು ಹಾಕಿದ್ರೆ ಹಿಂಜರಿಯೋ ಹತ್ತು ಜನ ಧೈರ್ಯವಾಗಿ ಬರ್ತಾರೆ. ಜೊತೆಗೆ, ದಯವಿಟ್ಟು ಮರಕ್ಕೆ ಮೊಳೆ ಹೊಡೆಯಬೇಡಿ. ಸಾರ್ವಜನಿಕ ಜಾಗಗಳನ್ನ ಅಂದಗೆಡಿಸೋದರ ವಿರುದ್ಧ 1981ರಿಂದಲೇ ನಮ್ಮ ರಾಜ್ಯದಲ್ಲಿ ಕಾಯ್ದೆ ಇದೆ.

ನನಗೆ ಇಷ್ಟವಾದ ಕಾಗದ ಬಲಗಡೆ ಕೆಳಗಿದೆ. ಪೌರಾಣಿಕ ನಾಟಕದ ಕರಪತ್ರ. ತುಮಕೂರು ಜಿಲ್ಲೆಗೆ ಬೇಸಿಗೆ ಅಂದ್ರೆ ನಾಟಕದ ಕಾಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ನೆಲ ಇದು, ನಗರದ ರಂಗಮಂದಿರಕ್ಕೂ ಗುಬ್ಬಿ ವೀರಣ್ಣನವರದೇ ಹೆಸರು. ಕರಪತ್ರದಲ್ಲಿ ಪಾತ್ರ ಒಂದು ಕಡೆ, ಪಾತ್ರಧಾರಿ ಇನ್ನೊಂದು ಕಡೆ. ದುರ್ಯೋಧನ ಆಟೊ ಓಡಿಸ್ತಾರೆ, ಶಕುನಿಗೆ ಮಂಡಿಪೇಟೆಯಲ್ಲಿ ಅಂಗಡಿ. ಪಾತ್ರ ದೊಡ್ಡದಾದಷ್ಟೂ ಪಾತ್ರಧಾರಿ ಕೊಡೋ ಪಾಲೂ ದೊಡ್ಡದು, ಅದರಲ್ಲೇ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಬಣ್ಣ, ಊಟ ಎಲ್ಲ ನಡೀಬೇಕು. ದುಡಿದ ದುಡ್ಡು ಹಾಕಿ ರಾತ್ರಿಯಿಡೀ ಕಂದಪದ್ಯ ಹಾಡೋ ಈ ಜನರನ್ನ ಕಂಡ್ರೆ ನನಗೆ ಗೌರವ ಉಕ್ಕುತ್ತೆ.

ಅದರ ಪಕ್ಕದ್ದು ಮಕ್ಕಳ ಬೇಸಿಗೆ ಶಿಬಿರದ್ದು. ಪಾರ್ಕಿನ ಹಿಂದಿನ ಕೊಠಡಿ, ಬೆಳಿಗ್ಗೆ ಎಂಟರಿಂದ ಹತ್ತೂವರೆ, ಶುಲ್ಕ ಇಲ್ಲ. ನಿವೃತ್ತ ಮೇಷ್ಟ್ರು ಒಬ್ಬರು ಹಾಡು, ನಾಟಕ, ಮಣ್ಣಿನ ಬೊಂಬೆ ಕಲಿಸ್ತಾರೆ. ಮೊದಲು ಇದನ್ನ ಗ್ರೂಪಿನಲ್ಲಿ ಮಾತ್ರ ಹಾಕಿದ್ರು, ಬಂದ ಮಕ್ಕಳು ಕೈಬೆರಳಷ್ಟು, ಎಲ್ಲ ಪರಿಚಯದ ಮನೆಯೋರೇ. ಹಲಗೆ ಮೇಲೆ ದಪ್ಪಕ್ಷರದಲ್ಲಿ ಬರೆದ ವಾರವೇ ಕೊಠಡಿ ತುಂಬಿತು. ಕಟ್ಟಡ ಕೆಲಸಕ್ಕೆ ಬಂದ ರಾಯಚೂರು ಕಡೆಯವರ ಮಗಳು ಒಬ್ಬಳು ಇದ್ದಾಳೆ. ಹೋಗ್ತಾ ಬರ್ತಾ ಹಲಗೆ ಓದಿ, ತಮ್ಮನ ಕೈ ಹಿಡ್ಕೊಂಡು ತಾನೇ ಬಂದು ‘ನಾವೂ ಬರಬಹುದಾ ಸರ್’ ಅಂತ ಕೇಳಿದ್ಳಂತೆ. ಈಗ ಅವಳೇ ನಾಟಕದ ಸೂತ್ರಧಾರಿ. ಅವಳ ಮಾತಿನ ಉಚ್ಚಾರ ತಿದ್ದೋಕೆ ಹೋಗಿಲ್ಲ ಮೇಷ್ಟ್ರು, ಅವಳ ಸಂಭಾಷಣೆಯನ್ನೇ ಅವಳ ಕಡೆಯ ಕನ್ನಡಕ್ಕೆ ಬರೆದುಕೊಟ್ಟಿದ್ದಾರೆ. ತಾಲೀಮಲ್ಲಿ ಅವಳು ‘ಬರ್ರಿ, ಕುಂದರ್ರಿ’ ಅಂದಾಗ ಉಳಿದ ಮಕ್ಕಳೆಲ್ಲ ಅದನ್ನೇ ಅನ್ನೋಕೆ ಶುರು ಮಾಡಿದ್ದಾರೆ.

ಆ ನಾಟಕ ಇದೇ ಶನಿವಾರ. ಹಲಗೆ ಮೇಲೆ ಇರೋದನ್ನ ಹಾಗೇ ಓದ್ತೀನಿ: ‘ಸಂಜೆ 6.30ಕ್ಕೆ, ಪಾರ್ಕ್ ಬಯಲು, ಎಲ್ಲರೂ ಬನ್ನಿ. ಅಂದು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇರುವುದಿಲ್ಲ. 3, 4, 5ನೇ ಕ್ರಾಸ್‌ನವರು ಶುಕ್ರವಾರವೇ ನೀರು ತುಂಬಿಸಿಕೊಳ್ಳಿ. ಕೂರಲು ಚಾಪೆ ತನ್ನಿ.’